ಹದಿನೆಂಟು ಗ್ರಾಂ

ಅಡುಗೆಮನೆ ಮೇಜಿನ ಮೇಲೆ ಹಳೆ ಟವೆಲು ಹಾಸಿ
ಮೊದಲು ಮ್ಯಾಗಜೀನು ತೆಗೆದೆ,
ಗುಂಡಿನ ಗೂಡು ಬರಿದೋ ಎಂದು ಕಣ್ಣಲ್ಲಿ ನೋಡಿ
ಆಮೇಲೆ ಕಿರುಬೆರಳಲ್ಲಿ ನೋಡಿದೆ.
ಕಣ್ಣನ್ನು ನಂಬಬೇಡ ಎಂದು ಕಲಿಸಿದವನು ಕ್ಲಬ್ಬಿನ ಜ್ವೋನ್ಕೊ.
ಅವನ ಎಡಗೈಯಲ್ಲಿ ನಾಲ್ಕೇ ಬೆರಳು;
ಯಾಕೆಂದು ನಾವು ಯಾರೂ ಕೇಳಿಲ್ಲ.

ಇಟಲಿಯಿಂದ ಬಂದ ಲಕೋಟೆಯಲ್ಲಿ
ಒಂದು ಸ್ಪ್ರಿಂಗು, ಎರಡು ಪಿನ್ನು,
ಉಗುರಿನಷ್ಟಗಲ ಒಂದು ಉಕ್ಕಿನ ಕೊಕ್ಕೆ.
ಸಾಮಾನಿಗಿಂತ ಅಂಚೆವೆಚ್ಚವೇ ದುಬಾರಿ.
ಹನ್ನೊಂದು ವರ್ಷ ದುಡಿದ ಹಳೆಯದು
ಅಂಗೈಯಲ್ಲಿ ಬಾಡಿದ ಬಳ್ಳಿಯ ತುದಿಯಂತೆ ಬಿದ್ದುಕೊಂಡಿತ್ತು.

ವಾರದ ದಿನಗಳಲ್ಲಿ ನಾನು ಹಲ್ಲು ಮಾಡುವವಳು.
ಪ್ಟುಯ್ ಪಟ್ಟಣದ ಅರ್ಧ ಬಾಯಿಗಳಲ್ಲಿ ನನ್ನ ಕೆಲಸವೇ ನಗುತ್ತದೆ.
ಕೂದಲೆಳೆಯಷ್ಟು ಎತ್ತರವಾದರೂ ನಾಲಗೆ ದೂರು ತರುತ್ತದೆ.
ತೋರುಬೆರಳೂ ಹಾಗೆಯೇ,
ಅದರ ತುದಿಯಲ್ಲಿ ಇನ್ನೊಂದು ನಾಲಗೆ ಇದೆ.

ಹಿತ್ತಾಳೆ ಸುತ್ತಿಗೆಯಿಂದ ಪಿನ್ನು ತಟ್ಟಿದೆ, ಮೆಲ್ಲಗೆ,
ನಿದ್ದೆಹೋದ ಮಗುವಿನ ಮುಷ್ಟಿಯಿಂದ ಗಿಲಕಿ ಬಿಡಿಸುವಂತೆ.
ಹೊಸ ಸ್ಪ್ರಿಂಗು ಕೂರಿಸುವಾಗ
ಹಾರಿತು.
ಟಿಣ್ ಎಂದದ್ದು ಒಂದೇ ಸಲ.
ಮೊಣಕಾಲೂರಿ, ಟಾರ್ಚು ಬಾಯಲ್ಲಿ ಕಚ್ಚಿ,
ಆಯಸ್ಕಾಂತಕ್ಕೆ ದಾರ ಕಟ್ಟಿ
ಫ್ರಿಜ್ಜಿನ ಅಡಿಗೆ ಗಾಳ ಬಿಟ್ಟೆ.
ಬಂದದ್ದು ಹೇರ್‌ಪಿನ್ನು, ಬಿಯರ್ ಬಿರಡೆ, ಸೈಕಲ್ಲಿನ ಗುಂಡು,
ಮತ್ತೆ ಬಿರಡೆ.
ಅತ್ತೆ ತಿಲ್ಕ ಬಾಗಿಲಲ್ಲಿ ನಿಂತು
"ಮೀನು ಬಿತ್ತೇನೆ ವ್ಲಾಸ್ತ?" ಎಂದಳು.
ಎಂಬತ್ತೊಂದು ಅವಳಿಗೆ. ಮಂದವಾದದ್ದು ಕಿವಿ ಮಾತ್ರ.
ಅವಳು ಕೇಳಿದ್ದೇ ತಡ, ಬಿತ್ತು,
ಧೂಳಿನ ಮೀಸೆ ಹೊತ್ತುಕೊಂಡು.

ಕುದುರೆ ಎನ್ನುತ್ತಾರೆ ಬೆರಳಿಗೆ ಸಿಗುವ ಆ ಬಾಗಿದ ಉಕ್ಕಿಗೆ.
ಒಂದು ಕಿಲೋ ಹೊರಬೇಕು ಅದು, ಎಡವದೆ.
ಗ್ರಾಂ ಕಡಿಮೆಯಾದರೂ ಅಂಕಣಕ್ಕೆ ಬಿಡುವುದಿಲ್ಲ.
ತೂಕದ ಕಲ್ಲು ಜ್ವೋನ್ಕೊನ ಕಪಾಟಿನಲ್ಲಿ,
ಲ್ಯಾಬಿನ ತಕ್ಕಡಿಗೆ ಶನಿವಾರದ ಬೀಗ.
ನನ್ನ ಬಳಿ ಏಪ್ರಿಕಾಟ್ ಜಾಮಿಗೆ ತಂದ ಸಕ್ಕರೆ ಪೊಟ್ಟಣ,
ಮೈಮೇಲೆ ಕೆಂಪಗೆ "೧ ಕಿಲೋ".
ದಾರ ಬಿಗಿದು ಕುದುರೆಗೆ ತೂಗುಬಿಟ್ಟೆ,
ಸ್ಕ್ರೂ ಹಿಂದೆ, ಸ್ಕ್ರೂ ಮುಂದೆ,
ಪೊಟ್ಟಣ ನೆಲ ಬಿಟ್ಟೇಳುವವರೆಗೆ,
ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ.
ಸರಿ, ಎಂದಿತು ಬೆರಳು.
ಎಷ್ಟು ಸರಿಯೆಂದರೆ
ಅಂದು ರಾತ್ರಿ ನಾನು ಶಿಳ್ಳೆ ಹಾಕುತ್ತ ಪಾತ್ರೆ ತೊಳೆದೆ.

ಭಾನುವಾರ, ಚೆಲ್ಯೆಯಲ್ಲಿ, ತಪಾಸಣೆಯ ಮೇಜು.
ಕನ್ನಡಕಕ್ಕೆ ಸರ ಕಟ್ಟಿಕೊಂಡ ಹೆಂಗಸು
ಕಲ್ಲಿಗೆ ಕುದುರೆ ಸಿಕ್ಕಿಸಿ ಪಿಸ್ತೂಲು ಎತ್ತಿದಳು.
ಕಲ್ಲು ಏಳುವ ಮುಂಚೆ ಕುದುರೆ ಮುಗ್ಗರಿಸಿತು.
"ಕಡಿಮೆ" ಎಂದಳು,
ಚೌಕಾಸಿ ಮಾಡಿದ ಗಿರಾಕಿಗೆ ಅಂಗಡಿಯವಳು ಹೇಳುವಂತೆ.
ಹಿಂದೆ ಸಾಲು. ಯಾರೋ ಕೆಮ್ಮಿದರು.
ಸ್ಕ್ರೂ ಕಾಲು ಸುತ್ತು. ಎರಡನೇ ಸಲ ನಿಂತಿತು.

ಆಮೇಲಿನ ಗುಂಡುಗಳ ಕತೆ ಹೇಳುವಂಥದ್ದಲ್ಲ.
ಹೊಸ ಬೀಗರ ಮನೆಯ ಬಾಗಿಲು ಅದು,
ಎಷ್ಟು ತಳ್ಳಿದರೆ ತೆರೆದೀತೆಂದು ತಿಳಿಯದು;
ತಳ್ಳುತ್ತ ತಳ್ಳುತ್ತ ಒಳಗೆ ಬಿದ್ದಿರುತ್ತೇವೆ.

ಸೋಮವಾರ ಪೊಟ್ಟಣವನ್ನು ಲ್ಯಾಬಿಗೆ ಒಯ್ದೆ.
ಒಂಬೈನೂರ ಎಂಬತ್ತೆರಡು.
ತಿರುಗಿಸಿ ನೋಡಿದರೆ ಅಡಿಯ ಮಡಿಕೆಯಲ್ಲಿ
ಹಿಟ್ಟಿನ ಅಂಟಿನ ತೆಳ್ಳನೆ ಗೆರೆ,
ನಾನು ಕೂರಿಸುವ ಹಲ್ಲಿಗಿಂತ ನಾಜೂಕು.
ವೈದ್ಯರು ಸಕ್ಕರೆ ನಿಲ್ಲಿಸಿ ಮೂರು ವರ್ಷ.
ಕಹಿಯೇ ಚೆನ್ನ, ಎನ್ನುತ್ತಾಳೆ ಕೇಳಿದವರಿಗೆಲ್ಲ.

ಸಂಜೆ ಎರಡು ಕಪ್ಪು ಚಹಾ ಸುರಿದೆ.
"ನಿನ್ನೆ ಎಷ್ಟನೆಯವಳಾದೆ?"
"ಹದಿನಾಲ್ಕು."
"ಇಟಲಿಯವರ ಸ್ಪ್ರಿಂಗು," ಎಂದಳು ತಿಲ್ಕ,
"ನಂಬಬಾರದು,"
ಎನ್ನುತ್ತ ಚಮಚ ಅದ್ದಿ ಕಲಕಿದಳು,
ಕಲಕುತ್ತಲೇ ಇದ್ದಳು
ಏನೂ ಇಲ್ಲದ ಚಹಾವನ್ನು.