ಜುಲ್ಫಾರಿನ ಅಡ್ಡಸರಪಳಿ

ಕಬ್ಬಿಣ ಈ ನೆಲದ್ದಲ್ಲ, ಮರವೂ ಅಲ್ಲ.
ತೇಗದ ದಿಮ್ಮಿಗಳು ಹೊನ್ನಾವರದ ಕಡೆಯಿಂದ
ಹಡಗಿನ ಹೊಟ್ಟೆಯಲ್ಲಿ ಬಂದವು,
ಕೊಂಡಿಗಳು ಎಲ್ಲಿಂದಲೋ, ತೂಕದ ಲೆಕ್ಕದಲ್ಲಿ.
ಹಡಗು ತಡೆಯುವುದಕ್ಕೂ
ಹಡಗೇ ಬೇಕಾಯಿತು.

ಇಶಾ ನಮಾಜು ಮುಗಿದರೆ ಖಲ್ಫಾನ್
ರಾಟೆಗೆ ಹೆಗಲು ಕೊಡುತ್ತಾನೆ.
ಅಳಿವೆಯ ಬಾಯಿಗೆ ಅಡ್ಡ
ನೀರು ಸೋರಿಸುತ್ತ ಸರಪಳಿ ಏಳುತ್ತದೆ,
ಮುದಿ ಒಂಟೆ ಮೊಣಕಾಲೂರಿ ಎದ್ದ ಹಾಗೆ,
ಗೊಣಗಿಕೊಂಡು.
ಅಂಟಿದ ಚಿಪ್ಪು ಕೆರೆಯುವುದು
ಸಂಬಳಕ್ಕೆ ಸೇರಿಲ್ಲ; ಆದರೂ ಕೆರೆಯುತ್ತಾನೆ.

ಶತ್ರು ಬಂದದ್ದು ಅವನಿಗೆ ನೆನಪಿಲ್ಲ.
ನೆನಪಿರುವುದು ಒಂದು ರಾತ್ರಿ:
ಮಗ ಸುಹೈಲನ ಮೀನುದೋಣಿ
ತಡವಾಗಿ ಬಂತು. ಸರಪಳಿ ಎದ್ದಾಗಿತ್ತು.
ಬೀಗದ ಕೈ ಕೋಟೆಯಲ್ಲಿ,
ಕೋಟೆ ನಿದ್ದೆಯಲ್ಲಿ.

"ಯಾರದು?" ಅಂದ, ಗೊತ್ತಿದ್ದೂ, ಕಟ್ಟಳೆಗೆ.
"ನಿನ್ನವನೇ."

ಖರ್ಜೂರದ ಗಂಟು ಹುಟ್ಟಿನ ತುದಿಗೆ ಕಟ್ಟಿ
ಆಚೆ ದಾಟಿಸಿದ.
ಹುಟ್ಟು ತಿರುಗಿ ಬಂದಾಗ
ಒದ್ದೆ ಮುಂಡಾಸಿನಲ್ಲಿ ನಾಲ್ಕು ಬೂತಾಯಿ.
ಬೆಳಗಿನವರೆಗೂ ಮಾತಾಡಿದರು.
ಮನೆಯಲ್ಲಿ ಒಂದೇ ಚಾಪೆಯ ಮೇಲೆ
ಅಷ್ಟು ಆಡಿದ್ದೇ ಇಲ್ಲ.

ಆಮೇಲಿನ ಚರಿತ್ರೆ ಚಿಕ್ಕದು.
ಹೆದರಿದ್ದು ಹಡಗಿಗೆ; ಬಂದದ್ದು ಮರಳು,
ಅಲೆಗೊಂದು ಹಿಡಿ,
ಸರಪಳಿಯ ಕೆಳಗೇ ನುಸುಳಿ, ಯಾರೂ ಕೂಗಿ ಕೇಳದೆ.
ಅಳಿವೆ ತುಂಬಿತು. ಊರು ಗಂಟುಕಟ್ಟಿ
ತೆಂಕಣಕ್ಕೆ ಸರಿಯಿತು.
ಕೊಂಡಿಗಳನ್ನು ಕಮ್ಮಾರ ಲಂಗರಕ್ಕೆ ಕರಗಿಸಿಕೊಂಡ.

ಖಲ್ಫಾನನ ಮೊಮ್ಮಗ ಅಲ್ಲೇ ಆಡು ಮೇಯಿಸುತ್ತಾನೆ.
ಮರಳಿನಿಂದ ಮೂತಿ ಹೊರಗಿಟ್ಟ ದಿಮ್ಮಿಗೆ ಕಟ್ಟಿದ ಮರಿ
ಹಗ್ಗದಳತೆಯಷ್ಟು ಮೇದು, ಎಳೆದು, ಒದರುತ್ತದೆ.
ತೇಗಕ್ಕಿನ್ನೂ ಹುಳು ಹತ್ತಿಲ್ಲ.