ಎರಡೇ ಸೀಟು

ಸಲ್ಮಾಬಾದಿನ ಗ್ಯಾರೇಜು. ಜುಲೈ.
ಶಟರು ಅರ್ಧ ಇಳಿಸಿದರೂ ಬಿಸಿಲು
ಮೊಣಕಾಲೂರಿ ಒಳಗೆ ಬರುತ್ತದೆ.

ಸಂಜೀವಿ ಅತ್ತೆ ಸ್ಟೂಲಿನ ಮೇಲೆ ಕೂತು
ಗ್ಲೌಸು ಏರಿಸುತ್ತಾಳೆ,
ಬೆರಳು ಬೆರಳಿಗೂ ಒತ್ತಿ ಕೂರಿಸಿ,
ಮೂವತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ಏರಿಸಿದ ಹಾಗೆ.
"ಸ್ಪಾನರ್" ಎಂದು ನೋಡದೆಯೇ ಕೈ ಚಾಚುತ್ತಾಳೆ.
ನಾನು, ಈ ಗ್ಯಾರೇಜಿನ ಯಜಮಾನ,
ಕೊಡುತ್ತೇನೆ.

ಹನ್ನೊಂದರದ್ದು ಹಿಡಿಯುವುದಿಲ್ಲ, ಹನ್ನೆರಡರದ್ದು ಜಾರುತ್ತದೆ.
ಇಂಚಿನ ಕಾಲದ ಗಾಡಿ ಅತ್ತೆ,
ನಮ್ಮ ಮಿಲಿಮೀಟರು ಇದಕ್ಕೆ ತಿಳಿಯುವುದಿಲ್ಲ.
"ತಿಳಿಯುವ ಹಾಗೆ ಹೇಳು" ಎನ್ನುತ್ತಾಳೆ,
ತುಕ್ಕಿನ ಬೋಲ್ಟಿಗೆ ಎಣ್ಣೆ ಬಿಟ್ಟು
ಗಡಿಯಾರ ನೋಡುತ್ತ.

ತೊಂಬತ್ತು ದಿನಾರಿಗೆ ಕೊಂಡ ಎಂಜಿ.
ಕಾಗದದಲ್ಲಿ ಹಸಿರು ಎಂದು ಉಂಟು,
ಕಣ್ಣಿಗೆ ಕಾಣುವುದು ಒಣ ಮದರಂಗಿ.
ಆಸ್ಪತ್ರೆ ಕ್ವಾರ್ಟರ್ಸಿನ ಹಿಂದೆ ಖರ್ಜೂರದ ಮರದಡಿ
ಇಪ್ಪತ್ತಾರು ಬೇಸಿಗೆ ನಿಂತೇ ಇತ್ತು.
ಮೇಲೆ ಹಣ್ಣು ಉದುರಿ, ಅಂಟಿ, ಇರುವೆ ಮುತ್ತಿ,
ಕೆಳಗಿನಿಂದ ಉಪ್ಪುಗಾಳಿ ಸದ್ದಿಲ್ಲದೆ ಉಂಡು ಮುಗಿಸಿತ್ತು.
ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ
ಹಪ್ಪಳ ಮುರಿದ ಸದ್ದು.

ಅತ್ತೆ ಕಾರು ಓಡಿಸಿದವಳಲ್ಲ,
ಕೈಯಲ್ಲಿ ಲೈಸೆನ್ಸೂ ಇಲ್ಲ,
ರೆಸಿಡೆನ್ಸಿ ಮುಗಿಯಲು ಇನ್ನು ನಾಲ್ಕು ತಿಂಗಳು.
ಯಾಕೆ ಬೇಕಿತ್ತು ಇದು ಎಂದು ಕೇಳಿದೆ.
"ಫೋರ್ಸೆಪ್ಸ್" ಎಂದಳು.
ಕಾರ್ಬ್ಯುರೇಟರಿನ ಗಂಟಲಿಗೆ ನಾನು ಬೀಳಿಸಿದ ವಾಷರನ್ನು
ಎರಡೇ ಬೆರಳಿನಲ್ಲಿ ಹೊರಗೆ ತೆಗೆದು
ನನ್ನ ಅಂಗೈಯಲ್ಲಿಟ್ಟಳು,
ತಪ್ಪು ಮಾಡಿದ ಹುಡುಗ ಡಾಕ್ಟರಿಗೆ ಕೊಟ್ಟ ಹಾಗೆ,
ಒಂದು ಮಾತೂ ಆಡದೆ.

ಏಳನೆಯ ಶುಕ್ರವಾರ ಸೀಟು ಬಿಚ್ಚಿದೆವು.
ಎಡಗಡೆಯದರ ಹೊಲಿಗೆಯಲ್ಲಿ
ಬಿಳಿಯ ಕೂದಲು. ಗಿಡ್ಡ, ಗಡುಸು.
ಅತ್ತೆಯ ಕೈ ನಿಂತಿತು.

"ಎಂಬತ್ತಮೂರು. ನೈಟ್ ಡ್ಯೂಟಿ ಮುಗಿದಿತ್ತು, ಬಸ್ಸು ತಪ್ಪಿತ್ತು.
ಡಾಕ್ಟರು ಗಾಡಿ ನಿಲ್ಲಿಸಿದ, ನಕ್ಕ.
ಸಾರಿ ಸಿಸ್ಟರ್, ಎರಡೇ ಸೀಟು ಅಂದ.
ಒಂದರಲ್ಲಿ ಅವ. ಇನ್ನೊಂದರಲ್ಲಿ ನಾಯಿ."

ಪಕ್ಕದ ಶೆಡ್ಡಿನಲ್ಲಿ ನಸರುಲ್ಲಾ ಉಸ್ತಾದನ ಗ್ರೈಂಡರು
ಕಿರುಚಿ ಕಿರುಚಿ ಸುಮ್ಮನಾಯಿತು.
ಅತ್ತೆ ಒಂದೊಂದೇ ಕೂದಲನ್ನು ಚಿಮುಟದಲ್ಲಿ ಎಳೆದು
ಸ್ಟೀಲಿನ ಟ್ರೇಯಲ್ಲಿ ಇಟ್ಟಳು.
ಎಲ್ಲ ಮುಗಿದ ಮೇಲೆ ಹೇಳಿದಳು:
"ನಾಯಿ ಒಳ್ಳೆಯದಿತ್ತು ಮಾರಾಯ."

ಅಕ್ಟೋಬರಿನ ಒಂದು ಬೆಳಗಿನ ಜಾವ
ಕೆಮ್ಮಿ, ಕಾರಿ, ನೀಲಿ ಹೊಗೆ ಬಿಟ್ಟು
ಅದು ಉಸಿರು ಹಿಡಿಯಿತು.
ಸಿತ್ರಾದ ಸೇತುವೆಯ ಮೇಲೆ, ಮಾಡಿಲ್ಲದ ಗಾಡಿಯಲ್ಲಿ,
ಎರಡೂ ಕಡೆ ಇಳಿತದ ಸಮುದ್ರ, ಕೆಸರಿನ ವಾಸನೆ.
ಅತ್ತೆ ಸೆರಗನ್ನು ಸೀಟಿನಡಿ ಸಿಕ್ಕಿಸಿ ಕೂತಿದ್ದಳು.
ನಾನು ಬ್ರೇಕು ಒತ್ತಿದಾಗಲೆಲ್ಲ
ಅವಳ ಕಾಲೂ ಒತ್ತುತ್ತಿತ್ತು.

"ಆಸ್ಪತ್ರೆ ಕಡೆ ತಿರುಗಿಸು."
ಬಸ್‌ಸ್ಟಾಪಿನಲ್ಲಿ ಸಮವಸ್ತ್ರದ ಹುಡುಗಿ,
ಕಣ್ಣಿನಡಿ ಇಡೀ ರಾತ್ರಿ.
ಅತ್ತೆ ಇಳಿದು, ಬಾಗಿಲು ಹಿಡಿದು ನಿಂತಳು:
"ಕೂರು ಮಗಾ. ಬಿಟ್ಟು ಬರ್ತಾನೆ."
ಹುಡುಗಿ ನನ್ನನ್ನು ನೋಡಿದಳು, ಹೊಗೆಯನ್ನು ನೋಡಿದಳು.
"ಬೇಡ ಆಂಟಿ, ಬಸ್ಸು ಬರ್ತದೆ."
ಬಸ್ಸು ಬಂತು ಕೂಡ.

ಅತ್ತೆ ಮತ್ತೆ ಹತ್ತಿ ಕೂತಳು.
ಸ್ವಲ್ಪ ದೂರ ಹೋದ ಮೇಲೆ ನಗಲು ಶುರುಮಾಡಿ
ಮುಹರ‍್ರಕ್ ತನಕ ನಿಲ್ಲಿಸಲಿಲ್ಲ.

ಈಗ ಅವಳು ಮೂಲ್ಕಿಯಲ್ಲಿ.
ಗಾಡಿ ನನ್ನ ಶೆಡ್ಡಿನಲ್ಲಿ, ಹೊಟ್ಟೆಯಡಿ ಅದೇ ಸ್ಟೀಲಿನ ಟ್ರೇ.
ಏನು ಬಿಗಿದರೂ ಎಂಜಿನ್ನಿನ ಎಣ್ಣೆ ಸೋರುತ್ತದೆ.
ಶುಕ್ರವಾರ ಫೋನು.
ಹೆಂಡತಿ ಮಕ್ಕಳು ಊಟ ಎಲ್ಲ ಆದ ಮೇಲೆ
ದನಿ ತಗ್ಗಿಸಿ, ವಾರ್ಡಿನ ಹೊರಗೆ ನಿಂತು ಕೇಳಿದ ಹಾಗೆ:
"ಈಗ ನಿಮಿಷಕ್ಕೆ ಎಷ್ಟು ಹನಿ?"

ನಾನು ಬಗ್ಗಿ, ಕಿವಿಗೊಟ್ಟು,
ಎಣಿಸುತ್ತೇನೆ.