ಐದನೇ ಸ್ಟಾಪು

ಕೋಟೆಯ ಗಾರೆಯಾನೆಗಳ ಬಳಿ ಹತ್ತು ನಿಮಿಷ,
ಗದ್ದುಗೆಯ ಗುಮ್ಮಟದಡಿ ಹದಿನೈದು,
ಯುದ್ಧ ಸ್ಮಾರಕದಲ್ಲಿ ಗ್ರೂಪ್ ಫೋಟೊ,
ನಾಪೋಕ್ಲಿನಲ್ಲಿ ಊಟ, ಕಡುಬು ಬೇಕೆಂದವರಿಗೆ ಕಡುಬು.
ಐದನೆಯದು ಈ ಬಯಲು.

ಇಲ್ಲಿ ಬೋರ್ಡಿಲ್ಲ, ಟಿಕೆಟ್ಟಿಲ್ಲ.
ಲಂಟಾನ, ಒಂದು ಮೋರಿ,
ಯಾರೋ ಕಟ್ಟಿ ಮರೆತ ಕರು.
ಇಳಿದವರು ಮೊದಲು ಹುಡುಕುವುದು ಶೌಚಾಲಯ,
ಆಮೇಲೆ ನೆಟ್‌ವರ್ಕು,
ಕೊನೆಗೆ ನನ್ನ ಮುಖ.

ಹನ್ನೊಂದು ವರ್ಷದ ಬಾಯಿಪಾಠ, ನಾಲಿಗೆ ತಾನೇ ನಡೆಯುತ್ತದೆ:
ಸಂಧಾನಕ್ಕೆಂದು ಕರೆದರು. ಕೋವಿ ಮನೆಯಲ್ಲಿಟ್ಟು ಬಂದರು.
ಹೆಂಗಸರು, ಮಕ್ಕಳು, ಪೀಚೆಕತ್ತಿ ಕಳಚಿಟ್ಟ ಗಂಡಸರು.
ಮಂಜಿತ್ತು. ಕಾಡಿನಂಚಿಗೆ ದಂಡು ಕೂತಿತ್ತು.
ಸತ್ತವರು ಸತ್ತರು. ಉಳಿದವರನ್ನು ಹಗ್ಗಕ್ಕೆ ಬಿಗಿದು
ಬಯಲುಸೀಮೆಗೆ ನಡೆಸಿದರು.

"ಎಷ್ಟು ಜನ?"
ಯಾವಾಗಲೂ ಮೊದಲ ಪ್ರಶ್ನೆ ಅದೇ.
ನನ್ನಜ್ಜಿಗೆ ಲೆಕ್ಕ ಗೊತ್ತಿರಲಿಲ್ಲ.
ಮೊರ ಹಿಡಿದು ಕೂತು ಮನೆತನಗಳ ಹೆಸರು ಹೇಳುತ್ತಿದ್ದಳು,
ಒಂದು ಹೆಸರು, ಒಂದು ಕೇರು.
ಈಗ ಲೆಕ್ಕವಿದೆ. ಒಬ್ಬರ ಬಾಯಲ್ಲಿ ನೂರು, ಇನ್ನೊಬ್ಬರದರಲ್ಲಿ ಸಾವಿರ,
ಫೋನಿನಲ್ಲಿ ದಿನಕ್ಕೊಂದು ಸೊನ್ನೆ ಹೆಚ್ಚು.
ಇವತ್ತೂ ಇಬ್ಬರು ಜಗಳಕ್ಕೆ ನಿಂತರು,
ಸತ್ತವರು ತನ್ನಪ್ಪನ ಆಸ್ತಿ ಎಂಬಂತೆ ಒಬ್ಬ,
ಯಾರೂ ಸಾಯಲೇ ಇಲ್ಲವೆಂಬಂತೆ ಇನ್ನೊಬ್ಬ.
ಕರು ಇಬ್ಬರನ್ನೂ ನೋಡಿ ಉಚ್ಚೆ ಹೊಯ್ದಿತು.

ಹಾವೇರಿಯ ಅನಸೂಯ ಟೀಚರು ಮಾತ್ರ ಸುಮ್ಮನಿದ್ದರು.
ಹೋದ ವರ್ಷ ಟೂರಿನಲ್ಲಿ ಪೋಲೆಂಡು ನೋಡಿ ಬಂದವರು.
"ಅಲ್ಲೆ ಎಲ್ಲಾ ಇಟ್ಟಾರ ತಂಗಿ" ಎಂದರು ಮೆಲ್ಲಗೆ,
"ಗಾಜಿನ ಹಿಂದ ಚಪ್ಪಲಿ. ಗುಡ್ಡದಂಥ ಚಪ್ಪಲಿ.
ಪೆಟ್ಟಿಗಿ ಮ್ಯಾಲ ಬಿಳೇ ಬಣ್ಣದಾಗ ಹೆಸರು,
ತಿರುಗಿ ಬಂದಾಗ ಸಿಗಲಿ ಅಂತ ತಾವಾ ಬರದದ್ದು.
ಹೆಣ್ಣಮಕ್ಕಳ ಕೂದಲಾ...
ಅಲ್ಲೆ ಫೋಟೊ ತೆಗೀಬ್ಯಾಡ್ರಿ ಅಂತಾರ.
ಇಲ್ಲೆ ಏನೂ ಉಳಿದಿಲ್ಲೇನು? ಒಂದರೆ ಗುಂಡಿ?"

ನಾನು ಹುಲ್ಲು ನೋಡಿದೆ.

ಮೊಯ್ದು ಈ ಸ್ಟಾಪಿನಲ್ಲಿ ಇಳಿಯುವವನಲ್ಲ.
ಗಾಜು ಏರಿಸಿ, ಸ್ಟೇರಿಂಗಿನ ಮೇಲೆ ಪೇಪರು ಹರಡಿ
ಕರಿಮೆಣಸಿನ ರೇಟು ಓದುವವನು.
ನಾನೂ ಕರೆದಿಲ್ಲ.
ಅವನಿಗೆ ನಾಟದಿರಲೆಂದು ಕತೆಯ ಒಂದು ವಾಕ್ಯವನ್ನು
ಪ್ರತಿ ಸಲ ವ್ಯಾನಿಗೆ ಬೆನ್ನು ಹಾಕಿ ಹೇಳುತ್ತಿದ್ದೆ.

ಇವತ್ತು ಬಾಗಿಲಿನ ಸದ್ದು.
ಬಂದ. ಟೀಚರ ಮುಂದೆ ನಿಂತು
ಜೇಬಿನಿಂದ ಲೈಸೆನ್ಸು ತೆಗೆದು ಚಾಚಿದ,
ಪೊಲೀಸರಿಗೆ ತೋರಿಸುವ ಹಾಗೆ.
ಅದರ ಮೇಲೆ ಅವನ ಹೆಸರು,
ಹೆಸರಿಗೂ ಮೊದಲು ಮನೆತನದ್ದು:
ನನ್ನೆದೆಯ ಬ್ಯಾಡ್ಜಿನಲ್ಲಿರುವುದೇ,
ಒತ್ತಕ್ಷರ ಸಮೇತ ಅದೇ.

"ಹಗ್ಗ ಬಿಚ್ಚಿಕೊಂಡು ಓಡಿ ಬಂದವರ ಪೈಕಿ ನಾವು.
ಬರುವಾಗ ದೇವರು ಬೇರೆಯಾಗಿತ್ತಂತೆ.
ಅಂಗಳದಲ್ಲಿ ನೀರು ಕೊಟ್ಟರು, ಒಳಗೆ ಕರೆಯಲಿಲ್ಲ.
ತಪ್ಪು ಅನ್ನುವುದಿಲ್ಲ ಅಮ್ಮ, ಅವರಿಗೂ ಹೆದರಿಕೆ.
ಮನೆಹೆಸರನ್ನು ಮಾತ್ರ ಯಾರೂ ವಾಪಸು ಕೇಳಲಿಲ್ಲ.
ನೀವು ಕೇಳಿದಿರಲ್ಲ, ಉಳಿದದ್ದು...
ಇದು. ಇನ್ನೂ ಆರು ವರ್ಷ ವ್ಯಾಲಿಡಿಟಿ ಇದೆ."

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.
ಜಗಳದವರು ವ್ಯಾನಿನ ನೆರಳಿಗೆ ಸರಿದರು.
ಟೀಚರು ಕನ್ನಡಕ ಹಣೆಗೇರಿಸಿ,
ಎರಡೂ ಕೈಯಲ್ಲಿ ಹಿಡಿದು,
ಹಾಜರಿ ಕೂಗುವ ದನಿಯಲ್ಲಿ ಓದಿದರು.
ಮನೆಹೆಸರಿಗೆ ನಾವಿಬ್ಬರೂ ತಲೆಯೆತ್ತಿದೆವು.

ಆಗ ನೆನಪಾಯಿತು: ಹೆಸರುಗಳೆಲ್ಲ ಮುಗಿದ ಮೇಲೆ ಅಜ್ಜಿ
ಏನೂ ಹೇಳದೆ ಇನ್ನೊಂದು ಸಲ ಕೇರುತ್ತಿದ್ದಳು.
ಮೊರದಲ್ಲಿ ಅಕ್ಕಿ ಮಿಕ್ಕಿರಬೇಕು
ಎಂದುಕೊಂಡಿದ್ದೆ.

ತಲಕಾವೇರಿಗೆ ಹೊತ್ತಾಗುತ್ತದೆ, ಹತ್ತಿ ಹತ್ತಿ ಎಂದೆ.
ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಹದಿನಾಲ್ಕು. ಸರಿಯಿದೆ.
ಡ್ರೈವರನ್ನು ಎಣಿಸುವ ರೂಢಿಯಿಲ್ಲ.
ಮತ್ತೆ ಮೊದಲಿಂದ
ಎಣಿಸಿದೆ.